ನಡೆದು ಓದುವ ಕಥೆ: ಪ್ರದರ್ಶನ ವಿನ್ಯಾಸವನ್ನು ಕಲಿಸುವುದು ಹೇಗೆ?

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಇಂಟೀರಿಯರ್ ಡಿಸೈನ್ ಕಲಿಸುತ್ತೇನೆ. ಈ ಸೆಮಿಸ್ಟರ್‌ನಿಂದ ಪ್ರದರ್ಶನ ವಿನ್ಯಾಸ ಎಂಬ ಹೊಸ ವಿಷಯ ಕೊಟ್ಟಿದ್ದಾರೆ. ನಿರೂಪಣೆ ಮತ್ತು ಇಂಟರ್ಯಾಕ್ಷನ್ ಅದರ ಮುಖ್ಯ ಭಾಗ. ನಮ್ಮ ವಿದ್ಯಾರ್ಥಿಗಳಿಗೆ ಕಥೆ ಅಂದರೆ ಗೋಡೆ ತುಂಬ ಬರಹ, ಇಂಟರ್ಯಾಕ್ಷನ್ ಅಂದರೆ ಟಚ್‌ಸ್ಕ್ರೀನ್. ತ್ರೀಡಿ ಚಿತ್ರಗಳನ್ನು ಚೆಂದ ಮಾಡುತ್ತಾರೆ, ಆದರೆ ಎಲ್ಲರ ಪ್ರದರ್ಶನವೂ ಒಂದೇ ಥರ ಕಾಣುತ್ತದೆ. ಒಂದು ಪ್ರೊಜೆಕ್ಟರ್ ಬಿಟ್ಟರೆ ನಮ್ಮಲ್ಲಿ ಸಲಕರಣೆ ಇಲ್ಲ. ಅರ್ಧದಷ್ಟು ಮಕ್ಕಳು ಕನ್ನಡ ಮಾಧ್ಯಮದಿಂದ ಬಂದವರು. ಎಲ್ಲಿಂದ ಶುರು ಮಾಡಲಿ? ಅಂಕ ಯಾವುದಕ್ಕೆ ಕೊಡಲಿ?

ಉತ್ತರ: ಮೊದಲ ಮೂರ್ನಾಲ್ಕು ವಾರ ಕಂಪ್ಯೂಟರ್ ತೆರೆಯಲು ಬಿಡಬೇಡಿ. ತ್ರೀಡಿ ಚಿತ್ರದಲ್ಲಿ ಇಡೀ ಕೋಣೆ ಒಂದೇ ನೋಟಕ್ಕೆ ಕಾಣುತ್ತದೆ. ಪ್ರದರ್ಶನಕ್ಕೆ ಬಂದವರಿಗೆ ಅದು ಹಾಗೆ ಕಾಣುವುದೇ ಇಲ್ಲ. ಅವರು ಬಾಗಿಲಲ್ಲಿ ನಿಲ್ಲುತ್ತಾರೆ. ಒಂದು ಕಡೆ ತಿರುಗುತ್ತಾರೆ. ನಾಲ್ಕು ಹೆಜ್ಜೆ ಹಾಕಿ ಏನೋ ಕಂಡು ನಿಲ್ಲುತ್ತಾರೆ. ಪಕ್ಕದ್ದನ್ನು ಬಿಟ್ಟು ಅದರಾಚೆಯದಕ್ಕೆ ಹೋಗುತ್ತಾರೆ. ಜಾಗದಲ್ಲಿ ಹೇಳುವ ಕಥೆ ಅಂದರೆ ಈ ಹೆಜ್ಜೆಗಳ ಕ್ರಮ. ಯಾವ ಹೆಜ್ಜೆಯಲ್ಲಿ ನೋಡುಗರಿಗೆ ಏನು ಗೊತ್ತಿದೆ, ಮುಂದಿನ ಹೆಜ್ಜೆಯಲ್ಲಿ ಏನು ಗೊತ್ತಾಗುತ್ತದೆ ಎಂದು ವಿದ್ಯಾರ್ಥಿ ಖಚಿತವಾಗಿ ಹೇಳಬಲ್ಲರಾದರೆ ನಿರೂಪಣೆ ಅವರ ಕೈಗೆ ಬಂತು ಎಂದೇ ಅರ್ಥ. ಇಂಟರ್ಯಾಕ್ಷನ್ ಇರುವುದೂ ಅಲ್ಲೇ. ನೋಡುಗರು ಏನೋ ಮಾಡಬೇಕು, ಮಾಡಿದ್ದರಿಂದ ಅವರ ತಿಳಿವಳಿಕೆ ಬದಲಾಗಬೇಕು. ಬದಲಾಗದಿದ್ದರೆ ಅದು ಸುಮ್ನೆ ಒಂದು ಸ್ವಿಚ್ಚು. ಇಡೀ ಸೆಮಿಸ್ಟರನ್ನು ಈ ಒಂದು ಮಾತಿನ ಸುತ್ತ ಕಟ್ಟಬಹುದು.

ಇದನ್ನು ಕ್ಲಾಸಿನಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ, ಮರುದಿನ ಮತ್ತೆ ಗೋಡೆಗೆ ಬರಹ ಅಂಟಿಸುತ್ತಾರೆ. ಆದ್ದರಿಂದ ನಡೆಸಿ ತೋರಿಸಿ. ಅದಕ್ಕೆ ನಮ್ಮಲ್ಲಿ ಬಹಳ ಒಳ್ಳೆಯ ಜಾಗಗಳಿವೆ. ಬೆಳಗ್ಗೆ ಬೇಗ ಬಸ್ ಹೊರಡಿಸಿ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ಅಮೃತೇಶ್ವರ ದೇವಾಲಯ 1196ರದು, ಹೊಯ್ಸಳ ವೀರಬಲ್ಲಾಳನ ಕಾಲದ್ದು. ತೆರೆದ ಮಂಟಪದ ಹೊರಗೋಡೆಯ ಮೇಲೆ 140 ಕಥಾಫಲಕಗಳಿವೆ. ದಕ್ಷಿಣದ ಕಡೆ 70ರಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ಉತ್ತರದ ಕಥೆಗಳು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತವೆ. ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ. ಹೊಯ್ಸಳ ದೇವಾಲಯಗಳಲ್ಲಿ ಇದು ಅಪರೂಪ.

ವಿದ್ಯಾರ್ಥಿಗಳಿಗೆ ಇದನ್ನು ಮೊದಲೇ ಹೇಳಬೇಡಿ. ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರು ಎಂದಿನಂತೆ ಪ್ರದಕ್ಷಿಣೆ ಹಾಕುತ್ತ ಫಲಕಗಳನ್ನು ಓದಲಿ. ಇನ್ನೊಬ್ಬರು ನೆಲದ ನಕ್ಷೆಯ ಮೇಲೆ ಕಥೆ ಸಾಗುವ ದಿಕ್ಕಿಗೆ ಬಾಣ ಹಾಕಲಿ. ಕಾಲು ಒಂದು ಕಡೆ ಹೋಗುತ್ತಿದೆ, ಕಥೆ ಇನ್ನೊಂದು ಕಡೆ ಬರುತ್ತಿದೆ ಎಂದು ಅವರೇ ಕಂಡುಕೊಳ್ಳುವ ಹೊತ್ತು ನಿಮ್ಮ ಕೋರ್ಸಿನ ನಿಜವಾದ ಮೊದಲ ಪಾಠ. ಅಲ್ಲೇ ನೆರಳಿನಲ್ಲಿ ಕೂತು ಕೇಳಿ: ಎರಡೂ ಬದಿಯ ಕಥೆಗಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ? ಎದುರು ದಿಕ್ಕಿನಿಂದ ಬಂದವರಿಗೂ ಯಾವ ಫಲಕ ಅರ್ಥವಾಗುತ್ತದೆ, ಯಾವುದು ಆಗುವುದಿಲ್ಲ? ಇಲ್ಲಿ ಒಂದು ದೊಡ್ಡ ವ್ಯತ್ಯಾಸವನ್ನು ಎತ್ತಿ ತೋರಿಸಿ. ಆ ಶಿಲ್ಪಿಗಳ ನೋಡುಗರಿಗೆ ರಾಮಾಯಣ ಮೊದಲೇ ಗೊತ್ತಿತ್ತು. ಮಧ್ಯದಿಂದ ಹಿಡಿದರೂ ಅವರು ಕಥೆಯನ್ನು ಕೂಡಿಸಿಕೊಳ್ಳಬಲ್ಲವರಾಗಿದ್ದರು. ನಿಮ್ಮ ವಿದ್ಯಾರ್ಥಿಗಳ ಪ್ರದರ್ಶನಕ್ಕೆ ಬರುವವರಿಗೆ ಆ ಅನುಕೂಲ ಇಲ್ಲ. ಹಾಗಾಗಿ ಪ್ರತಿ ನಿಲುಗಡೆಯೂ ಒಂಟಿಯಾಗಿ ನಿಂತರೂ ಅರ್ಥವಾಗಬೇಕು, ಸಾಲಿನಲ್ಲಿ ನೋಡಿದರೆ ಇನ್ನೂ ಜಾಸ್ತಿ ಅರ್ಥವಾಗಬೇಕು. ಈ ವಿದ್ಯೆಯಲ್ಲಿ ಇದೇ ಕಷ್ಟದ ಕೆಲಸ.

ಹಳೇಬೀಡಿಗೋ ಸೋಮನಾಥಪುರಕ್ಕೋ ಹೋಗಲು ಆದರೆ ಜಗತಿಯ ಮೇಲೆ, ಅಂದರೆ ದೇವಾಲಯದ ಸುತ್ತಲಿನ ಎತ್ತರದ ಕಟ್ಟೆಯ ಮೇಲೆ, ನಡೆಸಿ. ನಕ್ಷತ್ರದಾಕಾರದ ಗೋಡೆಯ ಪಕ್ಕದಲ್ಲಿ ನಡೆಯುವಾಗ ಮೂಲೆಮೂಲೆಗೂ ಮೈ ತಿರುಗುತ್ತದೆ, ಪ್ರತಿ ತಿರುವಿನಲ್ಲೂ ಸ್ವಲ್ಪ ಹೊಸದು ಕಾಣುತ್ತದೆ. ಕೆಳಗಿನ ಆನೆಗಳ ಸಾಲು, ಕುದುರೆಗಳ ಸಾಲು ಒಂದೇ ಲಯದಲ್ಲಿ ಓಡುತ್ತವೆ, ನಮ್ಮನ್ನೂ ಮುಂದಕ್ಕೆ ಕರೆದೊಯ್ಯುತ್ತವೆ. ಪುರಾಣದ ಸಾಲು ನಮ್ಮನ್ನು ನಿಲ್ಲಿಸುತ್ತದೆ. ಒಂದೇ ಗೋಡೆಯಲ್ಲಿ ನಡೆಸುವುದೂ ಇದೆ, ನಿಲ್ಲಿಸುವುದೂ ಇದೆ. ನನ್ನ ಮಟ್ಟಿಗೆ ಪ್ರದರ್ಶನದ ಲಯವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಠ್ಯ ಇಲ್ಲ.

ಆಮೇಲೆ ನೋಡುಗರ ಬಗ್ಗೆ ಒಂದಷ್ಟು ಗಟ್ಟಿ ಸಂಗತಿಗಳನ್ನು ಕೊಡಿ. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಗಿಲ್ಮನ್ 1916ರಲ್ಲೇ ಮ್ಯೂಸಿಯಂ ದಣಿವಿನ ಬಗ್ಗೆ ಬರೆದರು. ಗಾಜಿನ ಪೆಟ್ಟಿಗೆಯಲ್ಲಿರುವುದನ್ನು ನೋಡಲು ಮನುಷ್ಯ ಎಷ್ಟು ಬಗ್ಗಬೇಕು, ಎಷ್ಟು ಕುಕ್ಕರುಗಾಲಲ್ಲಿ ಕೂರಬೇಕು ಎಂದು ಫೋಟೊ ತೆಗೆಸಿ ತೋರಿಸಿದರು. 1930ರ ದಶಕದಲ್ಲಿ ಆರ್ಥರ್ ಮೆಲ್ಟನ್, ಅಮೆರಿಕದ ಗ್ಯಾಲರಿಗಳಲ್ಲಿ ಒಳಬಂದ ಹೆಚ್ಚಿನವರು ಬಲಕ್ಕೆ ತಿರುಗುವುದನ್ನು ದಾಖಲಿಸಿದರು. 1983ರಲ್ಲಿ ಪ್ಯಾರಿಸ್ಸಿನಲ್ಲಿ ವೆರೋನ್ ಮತ್ತು ಲೆವಾಸ್ಸರ್ ಎಂಬಿಬ್ಬರು ನೋಡುಗರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಗೋಡೆಗುಂಟ ಎಲ್ಲವನ್ನೂ ನೋಡುತ್ತ ಸಾಗುವ ಇರುವೆ, ಆ ಕಡೆ ಈ ಕಡೆ ಹಾರುವ ಚಿಟ್ಟೆ, ನಡುವಿನಲ್ಲೇ ಜಾರಿಕೊಂಡು ಹೋಗುವ ಮೀನು, ಬೇಕಾದದ್ದಕ್ಕೆ ಮಾತ್ರ ಜಿಗಿಯುವ ಮಿಡತೆ. ಬೆವರ್ಲಿ ಸೆರೆಲ್ ಎಂಬಾಕೆ ನೂರಕ್ಕೂ ಹೆಚ್ಚು ಪ್ರದರ್ಶನಗಳ ನೋಡುಗರ ಲೆಕ್ಕ ಸೇರಿಸಿ 1998ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ಒಂದು ಪ್ರದರ್ಶನದಲ್ಲಿ ಇಪ್ಪತ್ತು ನಿಮಿಷವೂ ಇರುವುದಿಲ್ಲ ಎಂಬುದು ಅದರಲ್ಲಿ ಕಂಡಿತು. ವಿದ್ಯಾರ್ಥಿ ಹದಿನೆಂಟು ಪ್ಯಾನೆಲ್ ಬರೆದು ತಂದಾಗ ಈ ಇಪ್ಪತ್ತು ನಿಮಿಷವನ್ನು ನೆನಪಿಸಿ.

ಇವೆಲ್ಲ ಬೇರೆ ದೇಶದ ಲೆಕ್ಕಗಳು. ನಮ್ಮ ಜನ ಹೇಗೆ ನಡೆಯುತ್ತಾರೆ ಎಂದು ನಿಮ್ಮ ಮಕ್ಕಳೇ ನೋಡಿ ಬರೆಯಬೇಕು. ನಿಮ್ಮೂರಿನಲ್ಲಿ ಅದಕ್ಕೆ ಒಳ್ಳೆಯ ಸಮಯ ಗಣೇಶೋತ್ಸವ. ದೊಡ್ಡ ಮಂಟಪಗಳಲ್ಲಿ ಅಲುಗಾಡುವ ಗೊಂಬೆಗಳ ದೃಶ್ಯ, ಬೆಳಕು, ಹಿನ್ನೆಲೆ ಧ್ವನಿ ಎಲ್ಲ ಇರುತ್ತವೆ. ಅವೂ ಪ್ರದರ್ಶನಗಳೇ ಅಲ್ವಾ? ಪ್ರತಿ ವಿದ್ಯಾರ್ಥಿ ಮಂಟಪದ ನಕ್ಷೆ ಬರೆದುಕೊಳ್ಳಲಿ. ಒಬ್ಬ ವ್ಯಕ್ತಿ ಒಳಬಂದಾಗಿಂದ ಹೊರಹೋಗುವವರೆಗೆ ನಡೆದ ದಾರಿಯನ್ನು ಪೆನ್ಸಿಲ್ ಗೆರೆಯಲ್ಲಿ ಹಿಡಿಯಲಿ. ನಿಂತ ಕಡೆ ಚುಕ್ಕಿ, ಚುಕ್ಕಿಯ ಪಕ್ಕ ಎಷ್ಟು ಸೆಕೆಂಡು. ಯಾರ ಫೋಟೊವನ್ನೂ ತೆಗೆಯಬಾರದು, ಯಾರ ಹೆಸರನ್ನೂ ಕೇಳಬಾರದು. ಹತ್ತು ಹದಿನೈದು ನಕ್ಷೆಗಳನ್ನು ಕ್ಲಾಸಿನ ಗೋಡೆಗೆ ಹಾಕಿದಾಗ ಒಂದು ವಿಷಯ ಎದ್ದು ಕಾಣುತ್ತದೆ: ನಮ್ಮಲ್ಲಿ ಜನ ಒಬ್ಬೊಬ್ಬರಾಗಿ ಬರುವುದು ಕಡಿಮೆ. ಅಜ್ಜಿ, ಮೊಮ್ಮಗು, ಕೈಯಲ್ಲಿ ಚೀಲ, ಹೆಗಲ ಮೇಲೆ ಮತ್ತೊಂದು ಮಗು. ಒಬ್ಬರು ನೋಡುತ್ತಾರೆ, ಇನ್ನೊಬ್ಬರು ವಿವರಿಸುತ್ತಾರೆ. ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಮುಂದೆ ಒಬ್ಬರಿಗೆ ಮಾತ್ರ ಹೊಂದುವ ಪರದೆಯನ್ನು ಇಡುವ ಮೊದಲು ಎರಡು ಸಲ ಯೋಚಿಸುತ್ತಾರೆ.

ಈಗ ವಿಷಯದ ಆಯ್ಕೆ. ಬಾಹ್ಯಾಕಾಶ, ಹವಾಮಾನ, ಮಹಿಳಾ ಸಬಲೀಕರಣದಂಥ ದೊಡ್ಡ ತಲೆಬರಹಗಳನ್ನು ಮಕ್ಕಳ ಕೈಗೆ ಕೊಡಬೇಡಿ. ಹೋಗಿ ನೋಡಬಹುದಾದ, ಮುಟ್ಟಬಹುದಾದ, ಮಾತಾಡಿಸಬಹುದಾದ ಸಣ್ಣ ವಿಷಯ ಕೊಡಿ. ನಿಮ್ಮ ಊರಿಗೇ ಒಂದು ಅಪ್ಪಟ ವಿಷಯ ಇದೆ. ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. 1957ರಲ್ಲಿ ಶುರುವಾದ ಸಂಸ್ಥೆ. ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರದೊಂದಿಗೆ ಖಾದಿಯ ರಾಷ್ಟ್ರಧ್ವಜ ತಯಾರಾಗುವುದು ಅಲ್ಲಿ. ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಬರುತ್ತದೆ. ನೂಲುವುದು, ನೇಯುವುದು, ಬಿಳಿಪು ಮಾಡಿ ಬಣ್ಣ ಹಾಕುವುದು, ಚಕ್ರದ ಅಚ್ಚು ಹಾಕುವುದು, ಹೊಲಿಯುವುದು, ಕೊನೆಗೆ ಹಗ್ಗ ಮತ್ತು ಮರದ ಗುಬುಟು ಕಟ್ಟುವುದು. ಈ ಕೆಲಸದಲ್ಲಿರುವವರಲ್ಲಿ ಹೆಚ್ಚಿನವರು ಮಹಿಳೆಯರು. ಧ್ವಜಕ್ಕೆ ಒಂಬತ್ತು ಅಳತೆಗಳು ನಿಗದಿಯಾಗಿವೆ. ತೀರಾ ದೊಡ್ಡದು 6,300 ಮಿ.ಮೀ. ಉದ್ದ, 4,200 ಮಿ.ಮೀ. ಅಗಲ. ತೀರಾ ಚಿಕ್ಕದು 150ಕ್ಕೆ 100. ಕಾಲೇಜಿನ ಹೊರಗೋಡೆಯ ಮೇಲೆ ಆ ದೊಡ್ಡ ಅಳತೆಗೆ ಸೀಮೆಸುಣ್ಣದಲ್ಲಿ ಒಂದು ಚೌಕಟ್ಟು ಬರೆಸಿ, ಅದರ ಮೂಲೆಯಲ್ಲಿ ಚಿಕ್ಕದರ ಚೌಕಟ್ಟು ಬರೆಸಿ. ಅಳತೆಯೇ ಹೇಗೆ ಕಥೆ ಹೇಳುತ್ತದೆ ಎಂಬುದು ಯಾವ ಉಪನ್ಯಾಸವೂ ಇಲ್ಲದೆ ತಿಳಿಯುತ್ತದೆ.

ಈ ವಿಷಯ ಕೊಟ್ಟ ತಕ್ಷಣ ಹೆಚ್ಚಿನ ವಿದ್ಯಾರ್ಥಿಗಳು ಒಂದು ಉದ್ದನೆಯ ಕಾಲರೇಖೆ ತರುತ್ತಾರೆ. ಸ್ವಾತಂತ್ರ್ಯ ಹೋರಾಟದ ಕಾಲದ ಬೇರೆಬೇರೆ ಬಾವುಟಗಳು, ಆಮೇಲೆ ಸಂವಿಧಾನ ಸಭೆ ತ್ರಿವರ್ಣವನ್ನು ಒಪ್ಪಿದ 1947ರ ಜುಲೈ 22, ಆಮೇಲೆ ಬೆಂಗೇರಿ. ಎಲ್ಲವೂ ಸರಿಯಾದ ಮಾಹಿತಿಯೇ. ಆದರೆ ಯಾವ ನಿಲುಗಡೆಯಲ್ಲೂ ಮುಂದೇನು ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಹಾಗೆ ತಂದವರನ್ನು ಬೈಯಬೇಡಿ, ಒಂದೇ ಪ್ರಶ್ನೆ ಕೇಳಿ: ನಿಮ್ಮ ನೋಡುಗರು ಎರಡನೇ ಪ್ಯಾನೆಲಿನಿಂದ ಮೂರನೆಯದಕ್ಕೆ ಏಕೆ ಹೋಗಬೇಕು? ಉತ್ತರ ಸಿಗದಿದ್ದರೆ ಕ್ರಮ ಬದಲಾಯಿಸಬೇಕು. ಉದಾಹರಣೆಗೆ, ಬಾಗಿಲಲ್ಲೇ ಎರಡು ತುಂಡು ಬಿಳಿ ಬಟ್ಟೆ ಇಡಬಹುದು. ಒಂದು ಕೈಮಗ್ಗದ ಖಾದಿ, ಒಂದು ಪಾಲಿಯೆಸ್ಟರ್. ಹೆಸರಿಲ್ಲ, ಲೇಬಲ್ ಇಲ್ಲ. ಮುಟ್ಟಿ ನೋಡಿ ಮುಂದೆ ಹೋಗಬೇಕು. ನಡುವಿನ ಕೋಣೆಯಲ್ಲಿ ಖಾದಿಯ ಧ್ವಜ ಹೇಗೆ ತಯಾರಾಗುತ್ತದೆ ಎಂಬುದು ಗೊತ್ತಾಗುತ್ತದೆ. ಕೊನೆಯಲ್ಲಿ, 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿದ್ದು ತಿಳಿಯುತ್ತದೆ. ಅಲ್ಲಿ ಅವೇ ಎರಡು ಬಟ್ಟೆಗಳು ಮತ್ತೆ ಕೈಗೆ ಸಿಗಬೇಕು. ಬಟ್ಟೆ ಅದೇ, ಮುಟ್ಟುವ ಕೈ ಅದೇ. ನಡುವೆ ಗೊತ್ತಾದದ್ದು ಮಾತ್ರ ಹೊಸದು.

ಇದೇ ವಿಷಯದಲ್ಲಿ ಒಂದು ಒಳ್ಳೆಯ ಅಭ್ಯಾಸ ಮಾಡಿಸಬಹುದು. ಆರೇ ಆರು ಸಂಗತಿಗಳನ್ನು ಕಾರ್ಡಿನಲ್ಲಿ ಬರೆದು ಎರಡು ತಂಡಗಳಿಗೆ ಕೊಡಿ. ಒಂದು ತಂಡ ತಿದ್ದುಪಡಿಯನ್ನು ಕೊನೆಗಿಡಲಿ, ಇನ್ನೊಂದು ಮೊದಲಿಗಿಡಲಿ. ಮೊದಲಿಗಿಟ್ಟರೆ ನೋಡುಗರು ನೂಲುವ ಕೈಗಳನ್ನೂ ಹೊಲಿಯುವ ಕೈಗಳನ್ನೂ ಆತಂಕದಿಂದ ನೋಡುತ್ತಾರೆ. ಕೊನೆಗಿಟ್ಟರೆ ಮೆಚ್ಚಿ ನೋಡಿ, ಆಮೇಲೆ ಯೋಚನೆಗೆ ಬೀಳುತ್ತಾರೆ. ಆರೂ ಸಂಗತಿ ಅವೇ, ಕಥೆ ಮಾತ್ರ ಬೇರೆ. ಇದರ ಜತೆಗೆ ನ್ಯಾಯದ ಪ್ರಶ್ನೆಯೂ ಬರುತ್ತದೆ. ಕಡಿಮೆ ಬೆಲೆಗೆ ಹೆಚ್ಚು ಮನೆಗಳಿಗೆ ಧ್ವಜ ತಲುಪಬೇಕು ಎನ್ನುವವರ ವಾದಕ್ಕೆ ನಿಮ್ಮ ಪ್ರದರ್ಶನದಲ್ಲಿ ಜಾಗ ಎಲ್ಲಿ? ಕ್ರಮವೇ ಒಂದು ಅಭಿಪ್ರಾಯ ಎಂಬುದು ವಿದ್ಯಾರ್ಥಿಗಳಿಗೆ ಬೇಗ ತಿಳಿದಷ್ಟೂ ಒಳ್ಳೆಯದು.

ಇಂಟರ್ಯಾಕ್ಷನ್ ವಿಷಯಕ್ಕೆ ಬಂದಾಗ ಪರದೆ ಇಲ್ಲದ ಉದಾಹರಣೆಗಳಿಂದಲೇ ಶುರು ಮಾಡಿ. ಜೊಹಾನ್ಸ್‌ಬರ್ಗಿನಲ್ಲಿ 2001ರಲ್ಲಿ ತೆರೆದ, ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ಕಥೆ ಹೇಳುವ ಅಪಾರ್ಥೈಡ್ ಮ್ಯೂಸಿಯಂನಲ್ಲಿ ಟಿಕೆಟ್ಟೇ ಇಂಟರ್ಯಾಕ್ಷನ್. ನಿಮ್ಮ ಮೈಬಣ್ಣ ಏನೇ ಇರಲಿ, ಕೈಗೆ ಸಿಗುವ ಟಿಕೆಟ್ಟಿನಲ್ಲಿ ಬಿಳಿಯರು ಎಂದೋ ಬಿಳಿಯರಲ್ಲದವರು ಎಂದೋ ಇರುತ್ತದೆ. ಅದಕ್ಕೆ ತಕ್ಕಂತೆ ಬೇರೆ ಬೇರೆ ಬಾಗಿಲಿನಿಂದ ಒಳಹೋಗಬೇಕು. ಜತೆಗೆ ಬಂದವರು ಬೇಲಿಯ ಆಚೆ, ನೀವು ಈಚೆ. ಒಂದು ಚೂರು ಕಾಗದ, ಎರಡು ಬಾಗಿಲು, ಅಷ್ಟೇ. ವಾಷಿಂಗ್ಟನ್ನಿನಲ್ಲಿ 1993ರಲ್ಲಿ ತೆರೆದ ಹಾಲೊಕಾಸ್ಟ್ (ನಾಜಿಗಳು ನಡೆಸಿದ ಯೆಹೂದಿಗಳ ನರಮೇಧ) ಸ್ಮಾರಕ ಮ್ಯೂಸಿಯಂನಲ್ಲಿ ನೋಡುಗರು ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೆ ಹೋಗಿ ಕಥೆಯ ಜತೆ ಕೆಳಗಿಳಿಯುತ್ತಾರೆ. ಆ ಕಾಲದಲ್ಲಿ ಬದುಕಿದ್ದ ಒಬ್ಬ ನಿಜ ವ್ಯಕ್ತಿಯ ಗುರುತಿನ ಪುಸ್ತಿಕೆ ಕೈಯಲ್ಲಿರುತ್ತದೆ. ಇಳಿಯುತ್ತ ಪುಟ ತಿರುವಿದಂತೆ ಆ ವ್ಯಕ್ತಿಗೆ ಏನಾಯಿತು ಎಂದು ತಿಳಿಯುತ್ತದೆ. ದಾರಿ ಮತ್ತು ಕೈಯಲ್ಲಿರುವ ವಸ್ತು ಎರಡೂ ಸೇರಿ ಕಥೆ ನಡೆಸುತ್ತವೆ.

ಬರ್ಲಿನ್ನಿನ ಯೆಹೂದಿ ಮ್ಯೂಸಿಯಂ ಇನ್ನೂ ಮುಂದಕ್ಕೆ ಹೋಗುತ್ತದೆ. ಡೇನಿಯಲ್ ಲಿಬೆಸ್ಕಿಂಡ್ ವಿನ್ಯಾಸ ಮಾಡಿದ ಆ ಕಟ್ಟಡದಲ್ಲಿ ಒಂದು ಎತ್ತರದ ಖಾಲಿ ಜಾಗ ಇದೆ. ಅದರ ನೆಲದ ಮೇಲೆ ಮೆನಾಶೆ ಕಡಿಶ್ಮನ್ ಎಂಬ ಕಲಾವಿದ ಕಬ್ಬಿಣದಿಂದ ಕತ್ತರಿಸಿದ ಹತ್ತು ಸಾವಿರಕ್ಕೂ ಹೆಚ್ಚು ಮುಖಗಳನ್ನು ಹಾಸಿದ್ದಾರೆ. ನೋಡುಗರು ಅವುಗಳ ಮೇಲೆ ನಡೆಯಬಹುದು. ನಡೆದರೆ ಕಬ್ಬಿಣ ಕಬ್ಬಿಣಕ್ಕೆ ಬಡಿದು ಸದ್ದಾಗುತ್ತದೆ, ಆ ಸದ್ದು ಎತ್ತರದ ಗೋಡೆಗಳಲ್ಲಿ ಮರುದನಿಸುತ್ತದೆ. ಹೆಜ್ಜೆ ಇಡಬೇಕೋ ಬೇಡವೋ ಎಂದು ಪ್ರತಿಯೊಬ್ಬರೂ ಅಂಚಿನಲ್ಲಿ ನಿಂತು ತೀರ್ಮಾನಿಸಬೇಕು. ಆ ತೀರ್ಮಾನವೇ ಅಲ್ಲಿನ ಇಂಟರ್ಯಾಕ್ಷನ್. ಇದು ನೋವಿನ ಕಡೆಯ ಉದಾಹರಣೆಯಾದರೆ ಕುತೂಹಲದ ಕಡೆಯದು ಸ್ಯಾನ್ ಫ್ರಾನ್ಸಿಸ್ಕೊದ ಎಕ್ಸ್‌ಪ್ಲೊರೇಟೋರಿಯಂ. 1969ರಲ್ಲಿ ಅದನ್ನು ಕಟ್ಟಿದ ಭೌತವಿಜ್ಞಾನಿ ಫ್ರಾಂಕ್ ಆಪನ್‌ಹೈಮರ್, ಅದಕ್ಕೂ ಮೊದಲು ಕೊಲರಾಡೊದ ಸಣ್ಣ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಮಾದರಿಗಳನ್ನು ತಯಾರಿಸುವ ಕಾರ್ಯಾಗಾರವೇ ಅಲ್ಲಿ ನೋಡುಗರ ಕಣ್ಣೆದುರಿಗಿತ್ತು. ಗುಂಡಿ ಒತ್ತಿ ಒಂದೇ ಫಲ ನೋಡುವ ಬದಲು, ನೋಡುಗರು ತಾವೇ ಏನಾದರೂ ಬದಲಿಸಿ, ಹೀಗೆ ಮಾಡಿದರೆ ಏನಾಗುತ್ತದೆ ಎಂದು ನೋಡುವಂತೆ ಮಾದರಿಗಳನ್ನು ಮಾಡಿದರು. ಬೆಂಗಳೂರಿನಲ್ಲಿ 1962ರಲ್ಲಿ ತೆರೆದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಎರಡೂ ಬಗೆಯ ಮಾದರಿಗಳನ್ನು ಗುರುತಿಸಲು ಹೇಳಿ. ಒಂದು ಸಲ ಮಾಡಿ ಮುಂದೆ ಹೋಗುವಂಥದು ಯಾವುದು, ಎರಡನೇ ಸಲ ಮಾಡಬೇಕು ಅನ್ನಿಸುವಂಥದು ಯಾವುದು?

ಬೆಂಗೇರಿಯ ಪ್ರದರ್ಶನಕ್ಕೆ ಇದನ್ನು ಹೇಗೆ ತರುವುದು? ಧ್ವಜದ ಚಕ್ರಕ್ಕೆ 24 ಕಡ್ಡಿಗಳು. ಬಟ್ಟೆಯ ಎರಡೂ ಬದಿಯಲ್ಲಿ ಅದು ಪೂರ್ತಿ ಕಾಣಬೇಕು. ಎರಡೂ ಬದಿಗೆ ಅಚ್ಚು ಹಾಕುವಾಗ ಒಂದಕ್ಕೊಂದು ಕೂಡಿಬರಬೇಕು. ಇಲ್ಲಿಯೇ ಒಂದು ಇಂಟರ್ಯಾಕ್ಷನ್ ಇದೆ. ಒಂದು ಮೇಜು, ಹಿಂದೆ ಒಂದು ಬಲ್ಬು, ಚೌಕಟ್ಟಿಗೆ ಬಿಗಿದ ಬಿಳಿ ಬಟ್ಟೆಯ ಕೆಲವು ತುಂಡುಗಳು. ಕೆಲವದರಲ್ಲಿ ಎರಡೂ ಬದಿಯ ಚಕ್ರ ಕೂಡಿಬಂದಿದೆ, ಕೆಲವದರಲ್ಲಿ ಒಂದೆರಡು ಮಿ.ಮೀ. ಸರಿದಿದೆ. ನೋಡುಗರು ಒಂದೊಂದನ್ನೇ ಬೆಳಕಿಗೆ ಹಿಡಿದು ‘ಪಾಸ್’ ಅಥವಾ ‘ವಾಪಸ್’ ಪೆಟ್ಟಿಗೆಗೆ ಹಾಕಬೇಕು. ಚೌಕಟ್ಟಿನ ಅಂಚಿನ ಚೀಟಿ ಎತ್ತಿದರೆ ಸರಿಯುತ್ತರ. ನಾಲ್ಕು ನೋಡುವಷ್ಟರಲ್ಲಿ ಕಣ್ಣು ಸೋಲುತ್ತದೆ. ದಿನವಿಡೀ ಇದನ್ನೇ ಮಾಡುವವರ ಕೆಲಸ ಎಂಥದು ಎಂದು ಆಗ ಗೊತ್ತಾಗುತ್ತದೆ, ಯಾವ ಪ್ಯಾನೆಲ್ಲೂ ಹೇಳದೆ. ಒಂದು ಎಚ್ಚರ ಮಾತ್ರ ಇರಲಿ. ಈ ಅಭ್ಯಾಸಕ್ಕೆ ನಿಜವಾದ ಧ್ವಜವನ್ನಾಗಲಿ, ಮೂರು ಬಣ್ಣದ ಬಟ್ಟೆಯನ್ನಾಗಲಿ ಬಳಸಬೇಡಿ. ಬಿಳಿ ಬಟ್ಟೆ, ಚಕ್ರದ ಗೆರೆ ಸಾಕು. ಧ್ವಜ ಸಂಹಿತೆಯನ್ನು ವಿದ್ಯಾರ್ಥಿಗಳಿಂದ ಪೂರ್ತಿ ಓದಿಸಿಯೇ ಕೆಲಸ ಶುರು ಮಾಡಿಸಿ.

ಪ್ರತಿ ಇಂಟರ್ಯಾಕ್ಷನ್‌ಗೂ ವಿದ್ಯಾರ್ಥಿ ನಾಲ್ಕು ಸಾಲು ಬರೆದುಕೊಡಬೇಕು ಎಂದು ನಿಯಮ ಮಾಡಿ. ಮುಟ್ಟುವ ಮೊದಲು ನೋಡುಗರಿಗೆ ಏನು ಗೊತ್ತಿತ್ತು? ಕೈ ಏನು ಮಾಡಿತು? ಆಮೇಲೆ ಏನು ಗೊತ್ತಾಯಿತು? ಪಕ್ಕದಲ್ಲಿ ನಿಂತವರಿಗೆ ಏನು ಕಂಡಿತು? ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಟಚ್‌ಸ್ಕ್ರೀನಿನ ದೊಡ್ಡ ತೊಂದರೆ ಅಲ್ಲೇ ಇದೆ, ಒಬ್ಬರು ಮುಟ್ಟುತ್ತಾರೆ, ಐವರು ಅವರ ಬೆನ್ನು ನೋಡುತ್ತಾರೆ. ಪರದೆ ಬೇಡವೇ ಬೇಡ ಎನ್ನುತ್ತಿಲ್ಲ. ಹಳೆಯ ದಾಖಲೆಗಳನ್ನು ಪುಟಪುಟವಾಗಿ ನೋಡಬೇಕಾದಾಗ, ಹತ್ತಾರು ಜನರ ಮಾತನ್ನು ಆರಿಸಿ ಕೇಳಬೇಕಾದಾಗ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆದರೆ ವಿದ್ಯಾರ್ಥಿ ಪರದೆ ಇಟ್ಟರೆ, ಅದೇ ಕೆಲಸ ಕಾಗದ, ಬಟ್ಟೆ, ಹಗ್ಗ, ಬೆಳಕಿನಲ್ಲಿ ಏಕೆ ಆಗುವುದಿಲ್ಲ ಎಂದು ಹೇಳಲೇಬೇಕು. ಕರೆಂಟ್ ಹೋದರೆ ಏನು ಉಳಿಯುತ್ತದೆ ಎಂಬುದಕ್ಕೂ ಉತ್ತರ ಇರಬೇಕು. ನಿಮ್ಮಲ್ಲಿ ಸಲಕರಣೆ ಇಲ್ಲ ಎಂಬುದು ಮೊದಲ ವರ್ಷಕ್ಕೆ ನಿಜವಾಗಿಯೂ ಒಳ್ಳೆಯದೇ.

ಅಳತೆ ಮತ್ತು ಬೆಳಕಿನ ಪಾಠವನ್ನು ಬೇರೆ ತಾಂತ್ರಿಕ ಅಧ್ಯಾಯ ಮಾಡಬೇಡಿ, ಕಥೆಯ ಒಳಗೇ ತನ್ನಿ. ಹಳೆಯ ಬಟ್ಟೆ, ಕಾಗದ ಹಾಳಾಗಬಾರದೆಂದರೆ ಅವುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂಬ ರೂಢಿ ಇದೆ. ಲಕ್ಸ್ ಅಂದರೆ ಬೆಳಕಿನ ಪ್ರಮಾಣ ಅಳೆಯುವ ಮಾನ. ಹೊರಗಿನ ನಡುಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್‌ನ ಹತ್ತಿರ ಇರುತ್ತದೆ. ಬಿಸಿಲಿನಿಂದ ನೇರ ಒಳಬಂದವರಿಗೆ ಮೊದಲ ವಸ್ತು ಕಾಣುವುದೇ ಇಲ್ಲ. ಆದ್ದರಿಂದ ಬಾಗಿಲಿಗೂ ಮೊದಲ ವಸ್ತುವಿಗೂ ನಡುವೆ ಬೆಳಕು ಮೆಲ್ಲಗೆ ಇಳಿಯುವ ಒಂದು ದಾರಿ ಬೇಕು. ಕಣ್ಣಿಗೆ ಬೇಕಾದ ಆ ಸಮಯವೇ ಕಥೆಯ ಮುನ್ನುಡಿಗೆ ಸಿಗುವ ಸಮಯ. ಹಾಗೆಯೇ ಗಾಲಿಕುರ್ಚಿ ತಿರುಗಲು 150 ಸೆಂ.ಮೀ. ಅಗಲದ ಜಾಗ ಬೇಕು. ಅಷ್ಟು ಜಾಗ ಎಲ್ಲೆಲ್ಲಿ ಬಿಡುತ್ತೀರೋ ಅಲ್ಲಿ ಕುಟುಂಬಗಳೂ ನಿಂತು ಮಾತಾಡುತ್ತವೆ. ಮಗುವಿನ ಕಣ್ಣಿನ ಎತ್ತರಕ್ಕೆ ಏನಿದೆ, ಕೂತು ನೋಡುವವರಿಗೆ ಏನು ಕಾಣುತ್ತದೆ ಎಂದು ವಿದ್ಯಾರ್ಥಿ ನೆಲದ ಮೇಲೆ ಕೂತು ಪರೀಕ್ಷಿಸಲಿ.

ಕನ್ನಡ ಮಾಧ್ಯಮದ ಮಕ್ಕಳ ಬಗ್ಗೆ ನೀವು ಸ್ವಲ್ಪ ಅಳುಕಿನಿಂದ ಬರೆದಂತಿದೆ. ಈ ಕೋರ್ಸಿನಲ್ಲಿ ಅವರು ನಿಮ್ಮ ಬಲ. ಬೆಂಗೇರಿಗೆ ಹೋಗಿ ಅಲ್ಲಿನವರ ಪಕ್ಕ ಕೂತು ಸಲೀಸಾಗಿ ಮಾತಾಡಬಲ್ಲವರು ಅವರೇ. ಬರಹವನ್ನು ಮೊದಲು ಕನ್ನಡದಲ್ಲೇ ಬರೆಸಿ. ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತಂದ ಲೇಬಲ್‌ಗಳು ನಮ್ಮ ಮ್ಯೂಸಿಯಂಗಳ ತುಂಬ ಇವೆ. ಅವುಗಳ ಕನ್ನಡ ಯಾರೂ ಆಡದ ಕನ್ನಡ. ಒಂದು ಲೇಬಲ್ ಐವತ್ತು ಪದ ಮೀರಬಾರದು. ಮೊದಲ ವಾಕ್ಯದಲ್ಲಿ ಎದುರಿಗಿರುವ ವಸ್ತುವಿನ ಮೇಲೆ ಕಣ್ಣು ಹೋಗಬೇಕು: ‘ಈ ಅಂಚಿನ ಹೊಲಿಗೆ ನೋಡಿ’ ಎಂಬಂತೆ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ, ಉಸಿರು ಸಿಕ್ಕಿಬೀಳುವ ಕಡೆ ವಾಕ್ಯ ಕತ್ತರಿಸಿ. ಕೆಲಸಗಾರರ ಮಾತನ್ನು ಅವರ ಒಪ್ಪಿಗೆ ಪಡೆದು ಹಾಕುವಾಗ ಧಾರವಾಡದ ಸೀಮೆಯ ಮಾತನ್ನು ತಿದ್ದಬೇಡಿ. ‘ಹೊಲೀತೀವ್ರಿ’ ಎಂದವರನ್ನು ‘ಹೊಲಿಯುತ್ತೇವೆ’ ಎನ್ನಿಸಬೇಕಾಗಿಲ್ಲ. ಅಕ್ಷರ ಜೋಡಣೆಯಲ್ಲೂ ಒಂದು ಮಾತು. ನಮ್ಮ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ಇಂಗ್ಲಿಷಿನ ಅಳತೆಗೆ ಮಾಡಿದ ಪ್ಯಾನೆಲಿನಲ್ಲಿ ಕನ್ನಡವನ್ನು ಕುಗ್ಗಿಸಿ ತುರುಕಿದರೆ ಮೊದಲು ಸೋಲುವುದು ವಯಸ್ಸಾದವರ ಕಣ್ಣು.

ಆರನೇ ವಾರದ ಹೊತ್ತಿಗೆ ಪೂರ್ಣ ಅಳತೆಯಲ್ಲಿ ಕಟ್ಟಲು ಶುರು ಮಾಡಿಸಿ. ಪುಟ್ಟ ಮಾಡೆಲ್ ಬೇಕು, ಆದರೆ ಅದರೊಳಗೆ ಯಾರೂ ನಡೆಯಲಾರರು. ಖಾಲಿ ಕೋಣೆಯಲ್ಲಿ ಹಗ್ಗ ಕಟ್ಟಿ ಹಳೆಯ ಸೀರೆ, ಬೆಡ್‌ಶೀಟ್ ಇಳಿಬಿಟ್ಟರೆ ಗೋಡೆ. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಶೋಕೇಸು. ಪ್ಯಾನೆಲ್ ಅಂದರೆ ಕೈಯಲ್ಲಿ ಬರೆದ ಹಾಳೆ. ಆಮೇಲೆ ಗೊತ್ತಿಲ್ಲದವರನ್ನು ಒಳಗೆ ಬಿಡಿ: ಕ್ಯಾಂಟೀನಿನವರು, ಸೆಕ್ಯೂರಿಟಿಯವರು, ಬೇರೆ ವಿಭಾಗದ ಮಕ್ಕಳು, ಪಕ್ಕದ ಶಾಲೆಯವರು. ವಿನ್ಯಾಸ ಮಾಡಿದವರು ಒಂದು ಮಾತೂ ಆಡಕೂಡದು. ಇದು ಬಹಳ ಕಷ್ಟ, ಎಲ್ಲರಿಗೂ ವಿವರಿಸುವ ಆಸೆ. ಬಾಯಿ ಮುಚ್ಚಿ ಮೂಲೆಯಲ್ಲಿ ನಿಂತು ಪೆನ್ಸಿಲ್ ಗೆರೆ ಎಳೆಯುವುದೇ ಅವರ ಕೆಲಸ. ಹೊರಬಂದವರಿಗೆ ‘ಹೇಗಿತ್ತು’ ಎಂದು ಕೇಳಬೇಡಿ, ಚೆನ್ನಾಗಿತ್ತು ಎನ್ನುತ್ತಾರೆ. ‘ಒಳಗೆ ಏನಿದೆ ಅಂತ ಮನೆಯಲ್ಲಿ ಕೇಳಿದರೆ ಏನು ಹೇಳ್ತೀರಿ?’ ಎಂದು ಕೇಳಿ. ಅವರು ಹೇಳುವುದೇ ನಿಮ್ಮ ವಿದ್ಯಾರ್ಥಿ ನಿಜವಾಗಿ ಹೇಳಿದ ಕಥೆ. ಅದನ್ನು ಆಡಿದ ಹಾಗೇ ಬರೆದುಕೊಳ್ಳಲಿ. ನೋಡುಗರು ತಪ್ಪು ದಾರಿ ಹಿಡಿದರೆ ಬಾಣದ ಗುರುತು ಅಂಟಿಸಲು ಬಿಡಬೇಡಿ. ಸೀರೆಯ ಗೋಡೆಯನ್ನು ಎರಡಡಿ ಸರಿಸಿ, ಬೆಳಕು ಬದಲಾಯಿಸಿ, ದಾರಿಯ ಕೊನೆಗೆ ಏನಾದರೂ ಕಾಣುವಂತೆ ಮಾಡಿ ಮತ್ತೆ ಪರೀಕ್ಷಿಸಲಿ. ಸೀರೆಯ ಗೋಡೆಯ ಗುಣವೇ ಅದು, ಸರಿಸಲು ಯಾರಿಗೂ ಬೇಜಾರಿಲ್ಲ.

ಅಂಕದ ವಿಚಾರ. ಕೊನೆಯ ತ್ರೀಡಿ ಚಿತ್ರಗಳಿಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಡಬೇಡಿ, ಇಲ್ಲದಿದ್ದರೆ ಎಲ್ಲರ ಶ್ರಮವೂ ಅಲ್ಲಿಗೇ ಹರಿಯುತ್ತದೆ. ದೊಡ್ಡ ಪಾಲು ಬದಲಾವಣೆಗೆ ಹೋಗಲಿ. ಮೊದಲ ಪರೀಕ್ಷೆಯಲ್ಲಿ ನೋಡುಗರು ಏನು ಮಾಡಿದರು, ಅದನ್ನು ಕಂಡು ವಿದ್ಯಾರ್ಥಿ ಏನನ್ನು ಬದಲಿಸಿದರು, ಎರಡನೇ ಸಲ ಏನಾಯಿತು, ಇದರ ದಾಖಲೆಗೆ ಅರ್ಧದಷ್ಟು ಅಂಕ ಕೊಟ್ಟರೂ ತಪ್ಪಿಲ್ಲ. ಉಳಿದದ್ದು ವಿಷಯವನ್ನು ಹುಡುಕಿ ತಂದ ಶ್ರದ್ಧೆಗೆ, ಬರಹಕ್ಕೆ, ಕಟ್ಟಿದ ಕೈಕೆಲಸಕ್ಕೆ. ವಿಶ್ವವಿದ್ಯಾಲಯದ ನಮೂನೆಯಲ್ಲಿ ಇದಕ್ಕೆ ಜಾಗ ಇಲ್ಲ ಎಂದರೆ ಆಂತರಿಕ ಅಂಕಗಳಲ್ಲಿ ಸೇರಿಸಿ. ಒಂದು ಸೆಮಿಸ್ಟರಿಗೆ ಒಂದೇ ಪ್ರಾಜೆಕ್ಟ್ ಸಾಕು. ಮೂರು ಅರೆಬರೆ ಪ್ರದರ್ಶನಗಳಿಗಿಂತ, ಮೂರು ಸಲ ಸರಿಪಡಿಸಿದ ಒಂದೇ ಕೋಣೆ ಹೆಚ್ಚು ಕಲಿಸುತ್ತದೆ.

ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದದ್ದೂ ನಿಜವಾದ ಪ್ರದರ್ಶನ ಕಟ್ಟುತ್ತಲೇ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಕೊಟ್ಟ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು. ನೆಹರು ತೀರಿಕೊಂಡ ಮೇಲೆ ಅವರ ಬದುಕಿನ ಬಗ್ಗೆ ಈಮ್ಸ್ ಜತೆ ಸೇರಿ ಸಂಸ್ಥೆಯವರು ಕಟ್ಟಿದ ಪ್ರದರ್ಶನ 1965ರಲ್ಲಿ ನ್ಯೂಯಾರ್ಕಿನಲ್ಲಿ ತೆರೆಯಿತು. ಆಗಿನ್ನೂ ಸಂಸ್ಥೆಗೆ ನಾಲ್ಕೇ ವರ್ಷ. ನೀವೂ ಕೊನೆಯ ವಾರದಲ್ಲಿ ಜ್ಯೂರಿ ಮಾಡಿ ಸುಮ್ಮನಾಗಬೇಡಿ. ಕೋಣೆಯನ್ನು ಮೂರು ದಿನ ಊರಿನವರಿಗೆ ತೆರೆದಿಡಿ. ಬೆಂಗೇರಿಯಲ್ಲಿ ಮಾತಾಡಿಸಿದ ಹೆಣ್ಣುಮಕ್ಕಳನ್ನು ಮೊದಲ ದಿನವೇ ಕರೆಯಿರಿ. ಸಂಘದ ಕಚೇರಿಯಲ್ಲಿ ಮುಂಚಿತವಾಗಿ ಕೇಳಿ, ಅವರ ಕೂಲಿ ಕಡಿತವಾಗದ ದಿನ ಗೊತ್ತು ಮಾಡಿ, ಹೋಗಿಬರಲು ಗಾಡಿ ಮಾಡಿ. ಜ್ಯೂರಿಗೆ ಬರುವ ಹೊರಗಿನ ಪ್ರಾಧ್ಯಾಪಕರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಿ. ಚಕ್ರದ ಮೇಜಿನ ಮುಂದೆ ಅವರು ಏನು ಹೇಳುತ್ತಾರೋ ಅದನ್ನು ವಿದ್ಯಾರ್ಥಿಗಳು ಬರೆದುಕೊಳ್ಳಲಿ, ತಪ್ಪಿದ್ದರೆ ಅಂದೇ ಸಂಜೆ ಸರಿಪಡಿಸಲಿ. ಇನ್ನೂ ಎರಡು ದಿನ ಜನ ಬರುವುದಿದೆ.